ಭಾನುವಾರವೂ ಬಿಡುವಿಲ್ಲದವರಿಗೆ ತೃಪ್ತಿ ಎಲ್ಲಿಂದ ಬರಬೇಕು?

ಓದುಗರ ಪ್ರಶ್ನೆ: ನನಗೆ 38 ವರ್ಷ. ಊರು ಗದಗದ ಕಡೆ, ಈಗ ಇರುವುದು ಬೆಂಗಳೂರಲ್ಲಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ಇಬ್ಬರು ಮಕ್ಕಳು, ಅತ್ತೆಯವರೂ ನಮ್ಮ ಜೊತೆಗಿದ್ದಾರೆ. ಬೆಳಿಗ್ಗೆ ಐದೂವರೆಗೆ ಎದ್ದರೆ ಅಮೆರಿಕದವರ ಜೊತೆಗಿನ ಕಾಲ್ ಮುಗಿಯುವಾಗ ರಾತ್ರಿ ಹನ್ನೊಂದು. ಭಾನುವಾರ ಸಂಡೇ ಸ್ಕೂಲ್‌ನಲ್ಲಿ ಕಲಿಸುತ್ತೇನೆ, ಕ್ವಯರ್‌ನಲ್ಲಿ ಹಾಡುತ್ತೇನೆ, ಸ್ತ್ರೀಯರ ಅನ್ಯೋನ್ಯ ಕೂಟಕ್ಕೆ ಖಜಾಂಚಿಯೂ ನಾನೇ. ದೇವರು ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೂ ಮನಸ್ಸಿಗೆ ತೃಪ್ತಿಯಿಲ್ಲ. ಹೇಳಿಕೊಂಡರೆ "ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು" ಅಂತಾರೆ. ನಾಲ್ಕೂವರೆಗೆ ಎದ್ದು ನೋಡಿದೆ, ಬೈಬಲ್ ಮೇಲೇ ತೂಕಡಿಸಿದೆ. ಮೊನ್ನೆ ಮಗಳು "ಅಮ್ಮಾ, ಚರ್ಚಿಗೆ ಹೋಗೋ ದಿನಾನೇ ನೀನು ಜಾಸ್ತಿ ಬೈತೀಯ" ಅಂದಳು. ನನ್ನ ನಂಬಿಕೆಯೇ ಕಮ್ಮಿಯಾ? ಈ ವರ್ಷ ಪ್ರಮೋಷನ್‌ಗೆ ಹೆಸರು ಕೊಡಬೇಕು ಅಂದುಕೊಂಡಿದ್ದೇನೆ. ಇದ್ದದ್ದರಲ್ಲಿ ತೃಪ್ತಿಪಡಬೇಕಾದ ಕ್ರೈಸ್ತಳು ಅದಕ್ಕೆ ಆಸೆಪಡಬಹುದಾ?

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆಫೀಸಿನ ಮೇಲೂ ಅಲ್ಲ, ರಾತ್ರಿಯ ಕಾಲ್ ಮೇಲೂ ಅಲ್ಲ, ಭಾನುವಾರದ ಮೇಲೆ. ವಾರದ ಆರು ದಿನ ಕಂಪನಿ ನಿಮ್ಮನ್ನು ಓಡಿಸುತ್ತದೆ. ಏಳನೆಯ ದಿನ ಸಭೆ ಓಡಿಸುತ್ತದೆ. ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಆರಾಧನೆಗೆ ಹೊತ್ತಾಯಿತು ಅಂತ ಮಕ್ಕಳ ಮೇಲೆ ಕೂಗಾಡಿ, ಆಮೇಲೆ ಅದೇ ಗಂಟಲಲ್ಲಿ ಕೀರ್ತನೆ ಹಾಡುವುದು ನಮ್ಮ ಎಷ್ಟೋ ಮನೆಗಳ ಕಥೆ. ಸಭಾಪಾಲಕನಾಗಿದ್ದಾಗ ಪ್ರಸಂಗ ಪೀಠದಿಂದ ಇದು ನನಗೆ ಕಾಣುತ್ತಿರಲಿಲ್ಲ. ನಿವೃತ್ತನಾಗಿ, ಜನರ ಎದುರು ಕೂತು ಕಷ್ಟಸುಖ ಕೇಳಲು ಶುರು ಮಾಡಿದ ಮೇಲೆ ಕಾಣತೊಡಗಿತು.

ಹಾಗಾಗಿ ಹೊಸ ಕೆಲಸ ಏನೂ ಕೊಡುವುದಿಲ್ಲ. ಇರುವುದರಲ್ಲಿ ಕೆಲವನ್ನು ಮೊದಲು ಬಿಡಿ. ಸಂಡೇ ಸ್ಕೂಲ್, ಕ್ವಯರ್, ಖಜಾಂಚಿ ಕೆಲಸ, ಈ ಮೂರರಲ್ಲಿ ಯಾವುದು ಮಾಡುವಾಗ ನಿಮಗೆ ಜೀವ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ಉಳಿದವಕ್ಕೆ ಮೂರು ತಿಂಗಳ ಮೊದಲೇ ಹೇಳಿ, ಬೇರೆಯವರಿಗೆ ಒಪ್ಪಿಸಿ ಹೊರಬನ್ನಿ. "ಸಿಸ್ಟರ್, ನೀವು ಬಿಟ್ಟರೆ ಯಾರು ಮಾಡ್ತಾರೆ" ಅಂತ ಖಂಡಿತ ಕೇಳುತ್ತಾರೆ. ಕೇಳಲಿ. ಯಾರೂ ಮುಂದೆ ಬರದಿದ್ದರೆ ಆ ಕೆಲಸ ಸ್ವಲ್ಪ ದಿನ ನಿಲ್ಲಲಿ. ನಿಂತರೆ ಸಭೆ ಮುಳುಗುವುದಿಲ್ಲ. ಸಭಾಪಾಲಕನೇ ಹೀಗೆ ಹೇಳಬಹುದಾ ಅಂತ ಕೆಲವರಿಗೆ ಸಿಟ್ಟು ಬರಬಹುದು. ಆದರೆ ದಣಿದ ಹೆಂಗಸರ ಬೆನ್ನ ಮೇಲೆ ಕಾರ್ಯಕ್ರಮ ನಡೆಸಿ ಅದಕ್ಕೆ ಸೇವೆ ಅಂತ ಹೆಸರಿಡುವುದು ನಮ್ಮ ಸಭೆಗಳಿಗೆ ಬಹಳ ಕಾಲದಿಂದ ರೂಢಿಯಾಗಿದೆ.

ಈಗ, ನಂಬಿಕೆ ಕಮ್ಮಿಯಾ ಎಂಬ ಪ್ರಶ್ನೆ.

ತೃಪ್ತಿಯ ಮಾತು ಬಂದರೆ ಎಲ್ಲರೂ ತೆರೆಯುವುದು ಊರೂರಿಗೆ ಹೋಗಿ ಯೇಸುವನ್ನು ಸಾರಿದ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯ. ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಅಂತ ಅವನು ಅಲ್ಲಿ ಹೇಳುತ್ತಾನೆ. ಓದಿದ ನಮಗೆ, ಇವನೇನೋ ಕಲ್ಲಿನಂಥ ಮನುಷ್ಯ, ನಮ್ಮಂಥವರಿಗಲ್ಲ ಇದು ಅನಿಸುತ್ತದೆ. ಆದರೆ ಒಂದು ಸಂಜೆ ಆ ನಾಲ್ಕೂ ಅಧ್ಯಾಯಗಳನ್ನು ಒಟ್ಟಿಗೆ ಓದಿ ನೋಡಿ. ಇಪ್ಪತ್ತು ನಿಮಿಷ ಸಾಕು.

ಪತ್ರ ಬರೆಯುವಾಗ ಅವನು ಸೆರೆಯಲ್ಲಿದ್ದ. ರೋಮ್‌ನಲ್ಲಿ, ಕ್ರಿ.ಶ. 60ರ ಆಸುಪಾಸಿನಲ್ಲಿ ಎಂಬುದು ಹಳೆಯ ಅಭಿಪ್ರಾಯ. ಎಫೆಸ ಅಥವಾ ಕೈಸರೈಯ ಎನ್ನುವ ವಿದ್ವಾಂಸರೂ ಇದ್ದಾರೆ. ಎಲ್ಲೇ ಇರಲಿ, ಆ ಕಾಲದ ಕೈದಿ ಊಟಬಟ್ಟೆಗೆ ಹೆಚ್ಚಾಗಿ ಹೊರಗಿನ ಸ್ನೇಹಿತರನ್ನೇ ನೆಚ್ಚಿಕೊಂಡಿರಬೇಕಿತ್ತು. ಫಿಲಿಪ್ಪಿಯ ಸಭೆಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಸಹಾಯ ಕಳಿಸಿದ್ದರು. ಬಂದವನು ಇಲ್ಲಿ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋದ. ಈ ಸುದ್ದಿ ಊರಿಗೂ ತಲುಪಿತು. ಅವರಿಗೆ ಗಾಬರಿಯಾಗಿದೆ ಅಂತ ಇವನಿಗೆ ಸಂಕಟ. ಇವನನ್ನು ನೋಡಿ ಪೌಲನಿಗೆ ಸಂಕಟ. ಕೊನೆಗೆ ಪೌಲ, ಅವನನ್ನು ನಿಮ್ಮ ಹತ್ತಿರ ವಾಪಸ್ ಕಳಿಸುತ್ತಿದ್ದೇನೆ, ನೀವು ಸಂತೋಷಪಡುತ್ತೀರಿ, ನನ್ನ ದುಃಖವೂ ಕಡಿಮೆಯಾಗುತ್ತದೆ ಅಂತ ಬರೆಯುತ್ತಾನೆ. ಇದು ಎರಡನೆಯ ಅಧ್ಯಾಯದಲ್ಲಿದೆ. ನಾಲ್ಕನೆಯ ಅಧ್ಯಾಯದಲ್ಲಿ ಯಾವುದಕ್ಕೂ ಚಿಂತೆ ಮಾಡಬೇಡಿ ಅನ್ನುವವನೂ ಇವನೇ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಂತೂ, ಎಲ್ಲ ಸಭೆಗಳ ಚಿಂತೆ ದಿನದಿನವೂ ನನ್ನ ಮೇಲೆ ಬೀಳುತ್ತಿದೆ ಅಂತ ಬಾಯಿಬಿಟ್ಟು ಹೇಳಿಕೊಂಡಿದ್ದಾನೆ.

ಅಂದಮೇಲೆ ಅವನಲ್ಲಿ ತೃಪ್ತಿಯೂ ಇತ್ತು, ಸಂಕಟವೂ ಇತ್ತು. ನಿಮಗೆ ಚಿಂತೆ, ದಣಿವು, ಕಿರಿಕಿರಿ ಇದೆ ಅನ್ನುವುದು ನಂಬಿಕೆ ಕಮ್ಮಿಯಾಗಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಇನ್ನೊಂದು ವಿಷಯ, ಅವನು "ಕಲಿತಿದ್ದೇನೆ" ಅನ್ನುತ್ತಾನೆ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಯೇಸುವಿನ ಕಡೆ ತಿರುಗಿದ ದಿನವೇ ಇದು ಅವನಿಗೆ ಬಂದಿರಲಿಲ್ಲ. ಹಸಿವು, ಹಡಗು ಒಡೆದದ್ದು, ಏಟು, ನಡುನಡುವೆ ಚೆನ್ನಾಗಿ ಉಂಡ ದಿನಗಳು, ಇಷ್ಟೆಲ್ಲ ದಾಟಿ ವರ್ಷಗಟ್ಟಲೆ ಕಲಿತದ್ದು. 38ಕ್ಕೆ ನಿಮಗೆ ಅದು ಪೂರ್ತಿ ಬಂದಿಲ್ಲ ಅಂದರೆ ತಡವೇನೂ ಆಗಿಲ್ಲ.

ಅದೇ ಅಧ್ಯಾಯದ 13ನೆಯ ವಚನದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನನ್ನನ್ನು ಬಲಪಡಿಸುವಾತನಲ್ಲಿ ನಾನು ಎಲ್ಲಕ್ಕೂ ಶಕ್ತನು ಎಂಬ ಆ ಮಾತು ಈಗ ಕಾರಿನ ಗಾಜಿನ ಮೇಲೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ, ಕಾಫಿ ಮಗ್ ಮೇಲೆ ಎಲ್ಲ ಕಡೆ ಇದೆ. ಪರೀಕ್ಷೆ ಗೆಲ್ಲುತ್ತೇನೆ, ಟಾರ್ಗೆಟ್ ಮುಟ್ಟುತ್ತೇನೆ, ಮನೆ ಆಫೀಸು ಚರ್ಚು ಎಲ್ಲವನ್ನೂ ಒಬ್ಬಳೇ ಸಂಭಾಳಿಸುತ್ತೇನೆ ಎಂಬ ಅರ್ಥಕ್ಕೆ ಅದನ್ನು ಎಳೆಯುತ್ತಾರೆ. ಅದರ ಹಿಂದಿನ ವಚನ ಹಸಿವನ್ನೂ ಹೊಟ್ಟೆ ತುಂಬಿದ್ದನ್ನೂ, ಬಡತನವನ್ನೂ ಸಮೃದ್ಧಿಯನ್ನೂ ಹೇಳುತ್ತದೆ. ಎರಡರಲ್ಲೂ ನಿಂತಿರಬಲ್ಲೆ ಎಂಬುದು ಅವನ ಮಾತು. ಎಷ್ಟು ಹೇರಿದರೂ ಹೊರಬಲ್ಲೆ ಅಂತ ಅವನು ಹೇಳಿಲ್ಲ. ಮುಂದಿನ ವಚನವನ್ನಂತೂ ಯಾರೂ ಮಗ್ ಮೇಲೆ ಬರೆಸುವುದಿಲ್ಲ: ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು. ಎಲ್ಲಕ್ಕೂ ಶಕ್ತನು ಅಂದವನು ಮರುಕ್ಷಣವೇ, ಸಹಾಯ ಕಳಿಸಿದ್ದಕ್ಕೆ ಥ್ಯಾಂಕ್ಸ್ ಅನ್ನುತ್ತಾನೆ. ತೃಪ್ತಿ ಅಂದರೆ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಒಳಗೊಳಗೇ ಸಹಿಸಿಕೊಳ್ಳುವುದು ಅಂತ ನಾವು ತಿಳಿದಿದ್ದರೆ, ಅದು ಈ ಪತ್ರದಿಂದ ಕಲಿತದ್ದಲ್ಲ.

ಹಾಗಾದರೆ ಕಲಿಯಬೇಕಾದದ್ದು ಏನು? ನನ್ನ ಪ್ರಕಾರ, ಮುಗಿಯದ ಕೆಲಸವನ್ನು ದೇವರ ಕೈಗೆ ಬಿಟ್ಟು ಮಲಗುವುದನ್ನು. ಇಷ್ಟೇನಾ ಅನ್ನಬೇಡಿ. ನಿಮ್ಮ ದಿನಕ್ಕೆ ಇದರಷ್ಟು ಕಷ್ಟದ ಸಾಧನೆ ಬೇರೆ ಇಲ್ಲ.

ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಮನ್ನದ ಕಥೆ ಇದೆ. ಸಂಡೇ ಸ್ಕೂಲ್‌ನಲ್ಲಿ ನೀವೇ ಇದನ್ನು ಕಲಿಸಿರುತ್ತೀರಿ. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಬಂದ ಇಸ್ರಾಯೇಲ್ ಜನ ಮರುಭೂಮಿಯಲ್ಲಿ ಹಸಿದಿದ್ದಾರೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಸಣ್ಣ ಸಣ್ಣ ಕಾಳಿನಂಥ ಆಹಾರ. ತಲೆಗೆ ಒಂದು ಓಮೆರ್, ಅಂದರೆ ಹೆಚ್ಚುಕಡಿಮೆ ಎರಡು ಲೀಟರ್ ಅಳತೆ, ಕೂಡಿಸಿಕೊಳ್ಳಬೇಕು. ಜಾಸ್ತಿ ಕೂಡಿಸಿದವರು ಅಳೆದು ನೋಡಿದರೆ ಮಿಕ್ಕಿರಲಿಲ್ಲ, ಕಡಿಮೆ ಕೂಡಿಸಿದವರಿಗೆ ಕೊರತೆಯಾಗಿರಲಿಲ್ಲ. ನಾಳೆಗೆ ಇರಲಿ ಅಂತ ಎತ್ತಿಟ್ಟದ್ದು ಬೆಳಗಾಗುವಾಗ ಹುಳ ಬಿದ್ದು ನಾರುತ್ತಿತ್ತು. ಮಕ್ಕಳಿಗೆ ಹುಳದ ಭಾಗ ಬಹಳ ಇಷ್ಟ, ಅಲ್ವಾ?

ನಾನು ಗಮನಿಸುವುದು ಆರನೆಯ ದಿನವನ್ನು. ಆ ದಿನ ಎರಡರಷ್ಟು ಸಿಗುತ್ತಿತ್ತು. ಮಾರನೆಯ ದಿನಕ್ಕೆ ಇಟ್ಟರೆ ಕೆಡುತ್ತಿರಲಿಲ್ಲ. ಆದರೂ ಏಳನೆಯ ದಿನ ಕೆಲವರು ಕೂಡಿಸಿಕೊಳ್ಳಲು ಹೊರಗೆ ಹೋದರು, ಏನೂ ಸಿಗಲಿಲ್ಲ ಅಂತ ಬರೆದಿದೆ. ಮನೆಯಲ್ಲಿ ಊಟ ಇದೆ, ಕೆಟ್ಟಿಲ್ಲ, ಆದರೂ ಕಾಲು ನಿಲ್ಲುವುದಿಲ್ಲ! ತಲೆಮಾರುಗಟ್ಟಲೆ ಗುಲಾಮರಾಗಿ ದುಡಿದವರ ಕಾಲು ಅದು. ಸುಮ್ನೆ ಕೂರುವುದು ಅವರಿಗೆ ಗೊತ್ತೇ ಇರಲಿಲ್ಲ. ಶನಿವಾರ ರಾತ್ರಿ ಯಾರೂ ಮೇಲ್ ಕಳಿಸಿಲ್ಲವಾದರೂ ಲ್ಯಾಪ್‌ಟಾಪ್ ತೆರೆದು ನೋಡುತ್ತೇವಲ್ಲ, ನಾವು ಆ ಜನರ ನೆಂಟರೇ.

ಇದಕ್ಕೂ ಹಿಂದೆ, ಐದನೆಯ ಅಧ್ಯಾಯಕ್ಕೆ ಹೋಗಿ. ಮರುಭೂಮಿಗೆ ಮೂರು ದಿನದ ದಾರಿ ಹೋಗಿ ಆರಾಧನೆ ಮಾಡಲು ಬಿಡು ಅಂತ ಆ ಜನರ ನಾಯಕರಾದ ಮೋಶೆ ಮತ್ತು ಆರೋನ ಐಗುಪ್ತದ ಅರಸ ಫರೋಹನನ್ನು ಕೇಳುತ್ತಾರೆ. ಫರೋಹನ ಉತ್ತರ: ನೀವು ಸೋಮಾರಿಗಳು, ಅದಕ್ಕೇ ಯಜ್ಞ ಮಾಡಬೇಕು ಅಂತೀರಿ. ಆವತ್ತಿನಿಂದ ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದು ನಿಂತಿತು. ಹುಲ್ಲನ್ನು ಅವರೇ ಹುಡುಕಿ ತರಬೇಕು, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು. ಇದನ್ನು ನಾನು ಐಟಿಯವರ ಮುಂದೆ ಓದಿದಾಗ ಯಾರೂ ವಿವರಣೆ ಕೇಳುವುದಿಲ್ಲ, ನಗುತ್ತಾರೆ. ಕೂತರೆ ಸೋಮಾರಿ ಅಂದುಬಿಡುತ್ತಾರೇನೋ ಎಂಬ ಅಳುಕು ನಿಮ್ಮೊಳಗೆ ಇದ್ದರೆ, ಆ ದನಿ ಯಾರದು ಅಂತ ಒಮ್ಮೆ ಯೋಚಿಸಿ. ಬೈಬಲಿನಲ್ಲಿ ಹಾಗೆ ಅಂದವನು ಫರೋಹ.

ಸಬ್ಬತ್ ದಿನದ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಬಂದದ್ದು ಈ ಜನಕ್ಕೆ. ಹತ್ತು ಆಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಇವೆ. ವಿಮೋಚನಕಾಂಡದಲ್ಲಿ ವಿಶ್ರಾಂತಿಗೆ ಕೊಟ್ಟ ಕಾರಣ ಸೃಷ್ಟಿ: ದೇವರೂ ಏಳನೆಯ ದಿನ ವಿಶ್ರಮಿಸಿದನು. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಕಾರಣ ಬೇರೆ: ನೀನು ಐಗುಪ್ತದಲ್ಲಿ ದಾಸನಾಗಿದ್ದೆ, ನಿನ್ನನ್ನು ಬಿಡಿಸಿ ತಂದಿದ್ದೇನೆ, ಅದನ್ನು ನೆನಪಿಟ್ಟುಕೋ. ಅದಕ್ಕೇ ಮಗ, ಮಗಳು, ಆಳು, ಎತ್ತು, ಕತ್ತೆ, ಮನೆಯಲ್ಲಿರುವ ಪರದೇಶಿ, ಎಲ್ಲರಿಗೂ ರಜೆ. ಪಟ್ಟಿಯಲ್ಲಿ ಹೆಂಡತಿಯ ಹೆಸರಿಲ್ಲ. "ನೀನು" ಅಂದಾಗಲೇ ಅವಳೂ ಸೇರಿದಳು ಅಂತ ವ್ಯಾಖ್ಯಾನ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಸೇರಿದಂತೆ ನನಗೆ ಕಾಣುವುದಿಲ್ಲ. ಆರಾಧನೆ ಮುಗಿಸಿ ಬಂದು ಗಂಡಸರು ಫ್ಯಾನಿನ ಕೆಳಗೆ ಕೂರುತ್ತಾರೆ. ಹೆಂಗಸರು ಸೀರೆ ಬದಲಿಸುವಷ್ಟು ಹೊತ್ತೂ ಇಲ್ಲದೆ ಕೋಳಿ ಸಾರಿಗೆ ಈರುಳ್ಳಿ ಹೆಚ್ಚುತ್ತಾರೆ. ಎತ್ತಿಗೆ ಸಿಕ್ಕ ರಜೆಯೂ ಅವರಿಗಿಲ್ಲ.

ಹಾಗಾಗಿ ಈ ಮಾತು ನಿಮ್ಮ ಯಜಮಾನರಿಗೂ ಸೇರಿದ್ದು. ಭಾನುವಾರ ಮಧ್ಯಾಹ್ನದ ಅಡುಗೆ ತಿಂಗಳಲ್ಲಿ ಎರಡು ವಾರ ಅವರದ್ದಾಗಲಿ. ಅಥವಾ ಹಿಂದಿನ ದಿನವೇ ಮಾಡಿಟ್ಟ ಸಾರು, ಅನ್ನ ಮಾತ್ರ ಬಿಸಿ. ಅತ್ತೆಯವರಿಗೆ ಮೊದಮೊದಲು ಸರಿ ಅನಿಸದೆ ಹೋಗಬಹುದು. ಮನ್ನವನ್ನೂ ಹಿಂದಿನ ದಿನವೇ ಬೇಯಿಸಿ ಇಡಿ ಅಂತಲೇ ಮೋಶೆ ಹೇಳಿದ್ದು ಅಂತ ನೆನಪಿಸಿ, ಅವರಿಗೆ ಗೊತ್ತಿರುತ್ತದೆ. ಇಡೀ ದಿನ ಬಿಡುವು ಸಿಗುವುದು ಕಷ್ಟ ಅಂತ ನನಗೂ ಗೊತ್ತು. ಶನಿವಾರ ಸಂಜೆ ಆರರಿಂದ ಭಾನುವಾರ ಮಧ್ಯಾಹ್ನದ ತನಕವಾದರೂ ಆಫೀಸಿನ ಫೋನ್ ಬೀರುವಿನೊಳಗೆ ಇರಲಿ. ತುರ್ತು ಸಪೋರ್ಟ್ ಸರದಿ ಬಂದ ವಾರ ಹೊರತು. ಆಸ್ಪತ್ರೆಯಲ್ಲೋ ಪೊಲೀಸಿನಲ್ಲೋ ಕೆಲಸ ಮಾಡುವವರಿಗೆ ಭಾನುವಾರವೇ ಸಿಗದು, ಅವರು ಬೇರೆ ದಿನ ಆರಿಸಿಕೊಳ್ಳಲಿ. ಸಬ್ಬತ್ ಇರುವುದು ಮನುಷ್ಯರಿಗೋಸ್ಕರ ಅಂತ ಯೇಸು ಸ್ವಾಮಿಯೇ ಹೇಳಿದ್ದಾರಲ್ಲ.

ಮಾರ್ಥಳ ಕಥೆಯನ್ನು ಹೇಳಿ ನಿಮ್ಮನ್ನು ಯಾರಾದರೂ ಚುಚ್ಚಿರಬಹುದು. ಲೂಕ 10ರಲ್ಲಿ ಮರಿಯಳು ಯೇಸುವಿನ ಪಾದದ ಹತ್ತಿರ ಕೂತಿದ್ದಳು, ಮಾರ್ಥಳು ಅಡುಗೆಯ ಗಡಿಬಿಡಿಯಲ್ಲಿ ಗೊಣಗಿದಳು, ಬೈಸಿಕೊಂಡಳು. ಈ ಕಥೆಯ ಮೇಲಿನ ಪ್ರಸಂಗ ಕೇಳಿ ಮನೆಗೆ ಹೋದ ಎಷ್ಟೋ ಹೆಂಗಸರು ಮಾರ್ಥಳ ಹಾಗೆಯೇ ಅಡುಗೆ ಮನೆಗೆ ಹೋಗುತ್ತಾರೆ, ಈ ಸಲ ತಪ್ಪಿತಸ್ಥ ಭಾವನೆಯನ್ನೂ ಹೊತ್ತುಕೊಂಡು. ಕಥೆಯನ್ನು ಸರಿಯಾಗಿ ನೋಡಿದರೆ ಅಡುಗೆಗೆ ಯೇಸು ಆಕ್ಷೇಪ ಮಾಡಿಲ್ಲ. ನೀನು ಅನೇಕ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದೀ ಅಂದರು. ಅದಕ್ಕೆ ಸ್ವಲ್ಪ ಮುಂಚೆಯೇ ಅದೇ ಅಧ್ಯಾಯದಲ್ಲಿ ಒಳ್ಳೆಯ ಸಮಾರ್ಯದವನ ಸಾಮ್ಯ ಹೇಳಿ, ನೀನೂ ಹೋಗಿ ಹಾಗೆಯೇ ಮಾಡು ಅಂದವರೂ ಅವರೇ. ಯೋಹಾನ 12ಕ್ಕೆ ಬಂದರೆ ಬೇಥಾನ್ಯದಲ್ಲಿ ಮತ್ತೆ ಊಟ, ಮಾರ್ಥಳೇ ಬಡಿಸುತ್ತಿದ್ದಾಳೆ. ಈ ಸಲ ಅವಳು ಗೊಣಗಲೂ ಇಲ್ಲ, ಯಾರೂ ಅವಳನ್ನು ತಿದ್ದಲೂ ಇಲ್ಲ. ಅವಳು ಮರಿಯಳಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಯೇಸುವಿಗೇ ಬಿಡುವು ಇತ್ತಾ? ಮಾರ್ಕನ ಸುವಾರ್ತೆ ಓದಿದರೆ ಇಲ್ಲ. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನಿಂತಿತ್ತು. ಬೆಳಗಿನ ಜಾವ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದರೆ ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಕೇಳ್ತಿದ್ದಾರೆ ಅಂದರು. ಅದಕ್ಕೆ ಅವರು ಕೊಟ್ಟ ಉತ್ತರ, ಬೇರೆ ಊರುಗಳಿಗೆ ಹೋಗೋಣ. ಆ ಊರಲ್ಲಿ ಇನ್ನೂ ವಾಸಿಯಾಗದವರು ಖಂಡಿತ ಇದ್ದಿರಬೇಕು. ಕೆಲಸ ಬಾಕಿ ಇರುವಾಗಲೇ ಹೊರಟರು. ಮುಂದೆ ಆರನೆಯ ಅಧ್ಯಾಯದಲ್ಲಿ, ಊಟಕ್ಕೂ ಸಮಯವಿಲ್ಲದ ಶಿಷ್ಯರನ್ನು ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ದಡ ಮುಟ್ಟುವಷ್ಟರಲ್ಲಿ ಜನ ಅಲ್ಲಿಗೂ ಓಡಿ ಬಂದಿದ್ದಾರೆ. ರಜೆ ಕೈಕೊಟ್ಟಿತು. ಅವರಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಆದರೆ ಆ ದಿನ ಕಳೆದ ಮೇಲೆ ಎಲ್ಲರನ್ನೂ ಕಳಿಸಿ ಬೆಟ್ಟಕ್ಕೆ ಹೋಗಿ ಪ್ರಾರ್ಥನೆ ಮಾಡಿದರು. ಬಿಡುವು ತಪ್ಪಿತು ಅಂತ ಕೈಬಿಡದೆ ಮತ್ತೆ ಹುಡುಕಿಕೊಂಡರು. ಮಕ್ಕಳಿರುವ ಮನೆಯಲ್ಲಿ ನಡೆಯುವುದು ಇದೇ ಕ್ರಮ.

ಇನ್ನು ಪ್ರಾರ್ಥನೆ. ನಾಲ್ಕೂವರೆಗೆ ಏಳುವುದನ್ನು ದಯವಿಟ್ಟು ನಿಲ್ಲಿಸಿ. ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಏಳುವುದನ್ನು ದೇವರು ನಿಮ್ಮಿಂದ ಕೇಳಿಲ್ಲ. ಬೇಗ ಎದ್ದು, ತಡವಾಗಿ ಮಲಗಿ, ಕಷ್ಟಪಟ್ಟು ದುಡಿದು ತಿನ್ನುವುದು ವ್ಯರ್ಥ, ಆತನು ತನ್ನ ಪ್ರಿಯರಿಗೆ ನಿದ್ರೆ ಕೊಡುತ್ತಾನೆ ಅಂತ 127ನೆಯ ಕೀರ್ತನೆ ಹೇಳುತ್ತದೆ. ಪ್ರವಾದಿ ಎಲೀಯನು, ಸಾಕಾಗಿದೆ, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಇನ್ನೊಂದು ಸಲ ತಿನ್ನಿಸಿದ. ದೇವರ ಜೊತೆ ಮಾತು ಶುರುವಾದದ್ದು ಆಮೇಲೆ.

ಕೆಲಸದ ನಡುವೆಯೇ ಪ್ರಾರ್ಥಿಸುವ ಹಳೆಯ ದಾರಿಯೊಂದಿದೆ. 17ನೆಯ ಶತಮಾನದ ಫ್ರಾನ್ಸ್‌ನಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಇದ್ದ. ಮೊದಲು ಸೈನಿಕ, ಯುದ್ಧದಲ್ಲಿ ಗಾಯಗೊಂಡು ಕುಂಟನಾದವನು. ಪ್ಯಾರಿಸ್‌ನ ಕಾರ್ಮೆಲೈಟ್ ಮಠ ಸೇರಿದಾಗ ಅವನ ಪಾಲಿಗೆ ಬಂದದ್ದು ಅಡುಗೆ ಮನೆ. ಅದು ಅವನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪತ್ರಗಳನ್ನೂ ಅವನ ಜೊತೆ ನಡೆದ ಮಾತುಕತೆಗಳನ್ನೂ ಅಚ್ಚು ಹಾಕಿದರು. ಅದರಲ್ಲಿ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಮಠಕ್ಕೆ ದ್ರಾಕ್ಷಾರಸ ಖರೀದಿಸಲು ಅವನನ್ನು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ಗೊತ್ತಿಲ್ಲ, ಕಾಲೂ ಸರಿಯಿಲ್ಲ. ದೋಣಿಯೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗಬೇಕಿತ್ತು. ಇದು ನಿನ್ನ ಕೆಲಸ ಅಂತ ದೇವರಿಗೆ ಹೇಳಿ ಮಾಡಿದ, ಹೇಗೋ ಎಲ್ಲ ಚೆನ್ನಾಗಿಯೇ ಆಯಿತು ಅಂತ ಅವನು ಹೇಳಿಕೊಂಡಿದ್ದಾನೆ. ತಪ್ಪಾದಾಗ, ನೀನು ಕೈ ಬಿಟ್ಟರೆ ನಾನು ಮಾಡುವುದು ಹೀಗೇ ಅಂತ ದೇವರಿಗೆ ಒಪ್ಪಿಸಿ, ಆಮೇಲೆ ಅದನ್ನೇ ಕೆದಕುತ್ತ ಕೂರುತ್ತಿರಲಿಲ್ಲ. ನಿಮ್ಮಂಥ ಅಚ್ಚುಕಟ್ಟಿನ ಜನಕ್ಕೆ ಈ ಕೊನೆಯ ಅಭ್ಯಾಸ ಬಹಳ ಬೇಕು. ಮಠ ಸೇರಿದ ಕೂಡಲೇ ಅವನಿಗೆ ನೆಮ್ಮದಿ ಸಿಕ್ಕಿತು ಅಂದುಕೊಳ್ಳಬೇಡಿ. ಮೊದಲ ಹತ್ತು ವರ್ಷ ಒಳಗೊಳಗೇ ಬಹಳ ನರಳಿದ್ದ.

ನಾನು ಬಲ್ಲ ಒಬ್ಬ ನರ್ಸ್ ಇದನ್ನು ತನ್ನದೇ ರೀತಿಯಲ್ಲಿ ಮಾಡುತ್ತಾಳೆ. ವಾರ್ಡಿನಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗಲೆಲ್ಲ ಕೈ ತೊಳೆಯಬೇಕು. ಸೋಪು ಹಾಕಿ ಬೆರಳ ಸಂದು, ಉಗುರಿನ ತುದಿ, ಮಣಿಕಟ್ಟು ಉಜ್ಜುವಷ್ಟು ಹೊತ್ತು, ಮುಂದೆ ನೋಡಬೇಕಾದ ರೋಗಿಯ ಹೆಸರನ್ನು ಮನಸ್ಸಿನಲ್ಲಿ ದೇವರಿಗೆ ಹೇಳುತ್ತಾಳೆ. ಬೇರೇನೂ ಕೇಳುವುದಿಲ್ಲ, ಹೆಸರು ಮಾತ್ರ. ಕೈ ಒರೆಸಿಕೊಂಡರೆ ಪ್ರಾರ್ಥನೆ ಮುಗಿಯಿತು. ಎಷ್ಟು ಸಲ ಕೈ ತೊಳೆದಳೋ ಅಷ್ಟು ಸಲ. ಅವಳ ಡ್ಯೂಟಿ ಹಗುರಾಗಲಿಲ್ಲ. ಎಂಟನೆಯ ಬೆಡ್‌ನ ಅಜ್ಜಿ ಮೂರನೆಯ ಸಲ ಬೆಲ್ ಒತ್ತಿದಾಗ ಬರುತ್ತಿದ್ದ ಸಿಟ್ಟು ಕಡಿಮೆಯಾಯಿತು ಅನ್ನುತ್ತಾಳೆ. ನಿಮಗೆ ಕಾಲ್ ಶುರುವಾಗುವ ಮೊದಲು, ಎಲ್ಲರೂ ಸೇರುವ ತನಕ ಪರದೆ ನೋಡುತ್ತ ಕಾಯುವ ಒಂದು ನಿಮಿಷ ಇರುತ್ತದಲ್ಲ, ಅಲ್ಲಿ ಒಬ್ಬೊಬ್ಬರ ಹೆಸರು ಬರುತ್ತಿದ್ದ ಹಾಗೆ ಇದನ್ನು ಮಾಡಬಹುದು. ರೇಗಿಸುವ ಆ ಒಬ್ಬ ಕ್ಲೈಂಟ್ ಹೆಸರನ್ನೂ ಬಿಡಬೇಡಿ.

ರಾತ್ರಿಗೆ ಇನ್ನೊಂದು. ಇಗ್ನೇಷಿಯಸ್ ಲೊಯೋಲ ಕಲಿಸಿಕೊಟ್ಟ ಕ್ರಮ ಇದು. 1540ರಲ್ಲಿ ಪೋಪರ ಒಪ್ಪಿಗೆ ಪಡೆದ ಯೇಸು ಸಭೆಯ, ಅಂದರೆ ಜೆಸ್ಯೂಟ್ ಸನ್ಯಾಸಿಗಳ ಸಂಘದ, ಸ್ಥಾಪಕ ಅವರು. ನಾನು ಪ್ರಾಟೆಸ್ಟೆಂಟ್, ಅವರು ಕ್ಯಾಥೊಲಿಕ್, ಆದರೆ ದಣಿದವರಿಗೆ ಇದಕ್ಕಿಂತ ಸುಲಭವಾದದ್ದು ನನಗೆ ಸಿಕ್ಕಿಲ್ಲ. ಹಾಸಿಗೆ ಮೇಲೆ ಕೂತು ಐದು ನಿಮಿಷ ದಿನವನ್ನು ಬೆಳಿಗ್ಗೆಯಿಂದ ಹಿಂತಿರುಗಿ ನೋಡುವುದು. ಯಾವುದಕ್ಕೆ ಕೃತಜ್ಞತೆ ಹೇಳಬೇಕು, ಎಲ್ಲಿ ಎಡವಿದೆ, ನಾಳೆ ಎಲ್ಲಿ ಸಹಾಯ ಬೇಕು. ಕೃತಜ್ಞತೆಯಿಂದಲೇ ಶುರು ಮಾಡಬೇಕು, ಅದೂ ಸಣ್ಣ ವಿಷಯಕ್ಕೆ. "ಒಳ್ಳೆಯ ಕುಟುಂಬ ಕೊಟ್ಟಿದ್ದೀ" ಅನ್ನುವುದು ಬಾಯಿಪಾಠವಾಗುತ್ತದೆ. ಡಬ್ಬಿ ಖಾಲಿ ಮಾಡಿಕೊಂಡು ಬಂದ ಮಗ, ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕ ಒಂದು ಹಸಿರು ಸಿಗ್ನಲ್, ಅತ್ತೆ ಕೇಳದೆಯೇ ಮಡಚಿಟ್ಟ ಬಟ್ಟೆ, ಇಂಥವು. ನಿಮ್ಮ ಗದಗದ ಕಡೆ ಸಭೆಯ ಬೆಳೆ ಹಬ್ಬದಲ್ಲಿ ನೋಡಿರುತ್ತೀರಿ, ಹೊಲ ಇದ್ದವರು ಜೋಳದ ಚೀಲ ತಂದರೆ ಇಲ್ಲದವರು ನಾಲ್ಕು ಮೊಟ್ಟೆ ತಂದು ಮುಂದೆ ಇಡುತ್ತಾರೆ. ನಾಲ್ಕು ಮೊಟ್ಟೆಯ ಲೆಕ್ಕದಲ್ಲಿ ನಿಮ್ಮ ದಿನವನ್ನು ನೋಡಿ. ನಡುವೆ ನಿದ್ದೆ ಬಂದರೆ ಮಲಗಿಬಿಡಿ, ಮುಗಿಸಲೇಬೇಕು ಅಂತೇನಿಲ್ಲ.

ಈಗ ಪ್ರಮೋಷನ್. ಹೆಸರು ಕೊಡಿ. ತೃಪ್ತಿ ಅಂದರೆ ಸಿಕ್ಕಿದ್ದನ್ನು ಮುಚ್ಚಿಕೊಂಡು ಇರುವುದು ಅಂತ ಪೌಲ ಎಲ್ಲೂ ಬದುಕಿ ತೋರಿಸಿಲ್ಲ. ದಾಸರಾಗಿದ್ದವರಿಗೆ, ಅದಕ್ಕಾಗಿ ಕೊರಗಬೇಡ, ಆದರೆ ಬಿಡುಗಡೆಯಾಗುವ ಅವಕಾಶ ಬಂದರೆ ಉಪಯೋಗಿಸಿಕೋ ಅಂದವನು ಅವನು. ಫಿಲಿಪ್ಪಿಯಲ್ಲೇ ನಡೆದದ್ದು ನೋಡಿ, ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ವಿಚಾರಣೆ ಇಲ್ಲದೆ ಅವನನ್ನೂ ಸೀಲನನ್ನೂ ಹೊಡೆದು ಸೆರೆಗೆ ಹಾಕಿದರು. ಮಧ್ಯರಾತ್ರಿ ಇಬ್ಬರೂ ಹಾಡುತ್ತಿದ್ದರು, ಅದನ್ನು ಎಲ್ಲರೂ ಹೇಳುತ್ತಾರೆ. ಬೆಳಿಗ್ಗೆ ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟು ಕಳಿಸಲು ನೋಡಿದಾಗ ಪೌಲ ಹೊರಡಲಿಲ್ಲ. ನಾವು ರೋಮ್ ಪೌರರು, ಎಲ್ಲರ ಮುಂದೆ ಹೊಡೆಸಿದ್ದಾರೆ, ಈಗ ಗುಟ್ಟಾಗಿ ಕಳಿಸುತ್ತಾರಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಬಂದರು, ಕ್ಷಮೆಯನ್ನೂ ಕೇಳಿದರು. ರಾತ್ರಿ ಹಾಡಿದವನೇ ಬೆಳಿಗ್ಗೆ ಹಕ್ಕು ಕೇಳಿದ. ಹಾಗಾಗಿ ನಿಮ್ಮ ಕೆಲಸಕ್ಕೆ ಸಲ್ಲಬೇಕಾದ ಸಂಬಳ, ಹುದ್ದೆ ಕೇಳುವುದರಲ್ಲಿ ಅವಿಶ್ವಾಸ ಏನೂ ಇಲ್ಲ. ರಾತ್ರಿಯ ಕಾಲ್ ಅನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ ಅಂತಲೂ ಜೊತೆಗೇ ಕೇಳಿ.

ಒಂದನ್ನು ಮಾತ್ರ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಹುದ್ದೆ ಬೇಕಾಗಿರುವುದು ಆ ಕೆಲಸಕ್ಕಾಗಿಯಾ, ಮನೆಯ ಅಗತ್ಯಕ್ಕಾಗಿಯಾ, ಇಲ್ಲ ಜೊತೆಗೆ ಸೇರಿದವಳು ಸರ್ಜಾಪುರದಲ್ಲಿ ವಿಲ್ಲಾ ತೆಗೆದುಕೊಂಡಳು ಅಂತಲಾ? ಪೇತ್ರನಿಗೂ ಈ ಕಾಯಿಲೆ ಇತ್ತು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ತನ್ನ ಮುಂದಿನ ದಾರಿ ಏನು ಅಂತ ಯೇಸುವಿನಿಂದ ಕೇಳಿದ ಕೂಡಲೇ ಇನ್ನೊಬ್ಬ ಶಿಷ್ಯನ ಕಡೆ ತಿರುಗಿ, ಇವನ ಕಥೆ ಏನು ಅಂತ ಕೇಳುತ್ತಾನೆ. ಅದು ನಿನಗೆ ಯಾಕೆ, ನೀನು ನನ್ನ ಹಿಂದೆ ಬಾ ಅನ್ನುತ್ತಾರೆ ಯೇಸು. ಹೊಟ್ಟೆಕಿಚ್ಚಿನಿಂದ ಏರಿದ ಹುದ್ದೆ ನೆಮ್ಮದಿ ಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಹೆಚ್ಚು ಕಾಣಿಕೆ ಕೊಟ್ಟರೆ ಹೆಚ್ಚು ಸಂಬಳ ಗ್ಯಾರಂಟಿ ಅಂತ ಹೇಳುವ ಟೀವಿ ಬೋಧಕರನ್ನು ದೂರ ಇಡಿ, ಅವರು ಇದೇ ಕಿಚ್ಚಿಗೆ ಗಾಳಿ ಹಾಕುತ್ತಾರೆ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ನೀವು ಹೇಳದೆ ಬಿಟ್ಟಿರಬಹುದಾದ ವಿಷಯ. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿಯೇ ಇದ್ದರೆ, ಸಮಯ ಸಿಕ್ಕರೂ ನಿದ್ದೆ ಬರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಹಾಡು, ಮಕ್ಕಳ ಮಾತು ಯಾವುದೂ ರುಚಿಸದಿದ್ದರೆ, ಬದುಕೇ ಬೇಡ ಅಂತ ಒಮ್ಮೆಯಾದರೂ ಅನಿಸಿದ್ದರೆ, ಇದನ್ನು ಆತ್ಮಿಕ ಸಮಸ್ಯೆ ಅಂತ ಮಾತ್ರ ನೋಡುತ್ತ ಕೂರಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಥೈರಾಯ್ಡ್, ರಕ್ತಹೀನತೆಯಿಂದಲೂ ಇಂಥ ದಣಿವು ಬರುತ್ತದೆ, ಒಂದು ರಕ್ತಪರೀಕ್ಷೆ ಮಾಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಬರೆದುಕೊಟ್ಟರೆ ತೆಗೆದುಕೊಳ್ಳಿ. "ಪ್ರಾರ್ಥನೆ ಇದ್ದಮೇಲೆ ಮಾತ್ರೆ ಯಾಕೆ" ಅಂತ ಸಭೆಯಲ್ಲಿ ಯಾರಾದರೂ ಕೇಳಿದರೆ, ಅವರ ಬಿಪಿ ಮಾತ್ರೆಯ ಬಗ್ಗೆ ವಿಚಾರಿಸಿ.